ಹಾಳೆ ತಿರುವಿದವಳು

ಕೇಳುವುದು ನನ್ನ ಕೆಲಸವಾಗಿರಲಿಲ್ಲ.
ಅವರ ಎಡಕ್ಕೆ, ಸ್ಟೂಲಿನ ತುದಿಯಲ್ಲಿ ಕೂತಿದ್ದು
ಅವರ ಗದ್ದ ಅಲುಗಿದಾಗ ಎದ್ದು
ಹಾಳೆ ತಿರುವಿ ಮತ್ತೆ ಕೂರುವುದು. ಅಷ್ಟೇ.
ಸೆರಗು ಕೀಲಿಮಣೆಯ ಮೇಲೆ ಬೀಳಬಾರದೆಂದು
ಪಿನ್ನು ಹಾಕಿದ್ದೆ, ಎರಡು.

ಲಸ್ರಾದೊ ಅವರ ಸ್ವಂತ ಪುಸ್ತಕ
ಕಡೂರಿನಲ್ಲಿ ಇಳಿಯುವ ಗಡಿಬಿಡಿಗೆ
ರೈಲಿನಲ್ಲೇ ಮುಂದಕ್ಕೆ ಹೋಗಿತ್ತು.
ಚಿಕ್ಕಮಗಳೂರಲ್ಲಿ ಯಾರ ಹತ್ತಿರವಾದರೂ ಇದ್ದೀತೇ ಅಂದರು.
ನನ್ನ ಹತ್ತಿರವಿತ್ತು. ಪಪ್ಪನದು.
ಚರ್ಚಿನ ಕಾಲುಹಾರ್ಮೋನಿಯಂ ಮೇಲೆ
ನಲವತ್ತು ವರ್ಷ ಭಾನುವಾರಗಳನ್ನು ಕಂಡದ್ದು,
ಬೆನ್ನಿಗೆ ಅಂಚೆ ಚೀಲದ ಖಾಕಿ ತುಂಡು.

ಮುಗಿದ ಮೇಲೆ ಕಾಫಿ ಡ್ರಮ್ಮಿನ ಸುತ್ತ ಮಾತೋ ಮಾತು.

ಪಿಯಾನೊ ಕೊಟ್ಟ ಉಪೇಂದ್ರೇಗೌಡರು
ತಮ್ಮದೇ ಎಮ್ಮೆ ಹಾಡಿದ್ದನ್ನು ಕಂಡವರಂತಿದ್ದರು:
"ಇದರೊಳಗೆ ಇಷ್ಟೆಲ್ಲ ಇತ್ತೇನ್ರೀ?
ನಾವು ಮದುವೆ ಫೋಟೋ ಇಡ್ತಿದ್ವಿ ಮೇಲೆ."

ವಯಲಿನ್ ಮೇಷ್ಟ್ರು ಶೇಷಾದ್ರಿ
ಕೋಡುಬಳೆ ಮುರಿಯುತ್ತ ಅಂದರು,
"ಗಮಕ ಇಲ್ಲ. ಸ್ವರಕ್ಕೂ ಸ್ವರಕ್ಕೂ ಮಧ್ಯೆ ಗೋಡೆ.
ಆದರೂ..."
ಆ ಆದರೂ ಮುಂದಕ್ಕೆ ಹೋಗಲಿಲ್ಲ.
ತೊಡೆಯ ಮೇಲೆ ತಾಳ ಹಾಕುತ್ತಿದ್ದವರು
ಒಂದು ಕಡೆ ಲೆಕ್ಕ ತಪ್ಪಿ
ಕೈ ಜೇಬಿಗಿಟ್ಟುಕೊಂಡದ್ದನ್ನು ನಾನು ನೋಡಿದ್ದೆ.

ಕಾಲೇಜು ಹುಡುಗ ಪೂರಾ ರೆಕಾರ್ಡ್ ಮಾಡಿದ್ದಾನೆ,
ಕೇಳಿ ಹೇಳ್ತಾನಂತೆ ಹೇಗಿತ್ತೂಂತ.
ನಡುವೆ, ನಿಂತಲ್ಲೆಲ್ಲ ಚಪ್ಪಾಳೆ ತಟ್ಟಿದ ಕಂಡಕ್ಟರ್
ಈಗ ಯಾರ ಮುಖವನ್ನೂ ನೋಡದೆ
ಲೋಟ ತೊಳೆಯುವ ಕಡೆ ನಿಂತಿದ್ದ.
ಪಾಪ, ಲಸ್ರಾದೊ ಪ್ರತಿ ಸಲ ತಲೆ ಬಾಗಿಸಿದ್ದರು ಅವನಿಗೆ.

ಕಡೆಯ ಸಾಲಿನಲ್ಲಿದ್ದವರು
ಕ್ಯೂರಿಂಗ್ ವರ್ಕ್ಸಿನ ಹೆಂಗಸರು,
ಕುರ್ಚಿ ತುಂಬಲಿ ಅಂತ ಕರೆತಂದವರು.
ಸಣ್ಣತಾಯಮ್ಮ ನನ್ನ ತೋಳು ಹಿಡಿದಳು.
"ಬೆರಳು ಚೆನ್ನಾಗವೆ ಕಣವ್ವ.
ನಾವು ಕರಿಕಾಳು ಸಿಕ್ಕಿದ್ರೆ ಎಸೀತೀವಿ,
ಆವಯ್ಯ ಕರೀದನ್ನೂ ಮುಟ್ಟಿ ಮುಟ್ಟಿ ಇಟ್ಕಂಡ."
ಆಮೇಲೆ ದನಿ ತಗ್ಗಿಸಿ,
"ಒಂದ್ ಕಡೆ ಮೊರದಿಂದ
ಒಂದ್ ಹಿಡಿ ಜಾರ್ತು, ಅಲ್ವಾ?"

ಇಲ್ಲವಲ್ಲ, ಅಂದೆ.
ಸುಳ್ಳು ಹೇಳಲಿಲ್ಲ. ಹುಟ್ಟಿದಾಗಿನಿಂದ
ಆ ಸಂಗೀತವನ್ನು ನಾನು ಕೇಳಿದ್ದೇ ಹಾಗೆ.
ಪೂಜೆ ಮುಗಿದು, ಜನ ಚಪ್ಪಲಿ ಹುಡುಕುವಾಗ,
ಪಪ್ಪ ಅದನ್ನು ನುಡಿಸುವರು; ಬಾಗಿಲು ಖಾಲಿಯಾಗುವಷ್ಟರಲ್ಲಿ
ಅದೂ ಮುಗಿಯುವುದು.

ಕಾರಿನ ಹತ್ತಿರ ಲಸ್ರಾದೊ
ಪುಸ್ತಕವನ್ನು ಎರಡು ಕೈಯಲ್ಲಿ ವಾಪಸು ಕೊಟ್ಟು,
"ಎರಡು ಪುಟ ಹಾರಿದೆವು, ಪ್ರಮೀಳಾ," ಅಂದರು.
"ನೀವು ತಿರುವಿದ್ದು ಒಂದೇ ಹಾಳೆ. ನಾನು ಕಂಡೆ.
ಕೈ ತಾನೇ ಆಚೆ ದಡಕ್ಕೆ ನೆಗೆಯಿತು."
ಕಾರು ಹತ್ತಿದ ಮೇಲೆ ಗಾಜು ಇಳಿಸಿ,
"ನಿಜ ಹೇಳಲೇ? ಆ ಎರಡು ಪುಟ
ನನಗೂ ಭಯ."

ಮನೆಗೆ ಬಂದು ದೀಪದ ಕೆಳಗೆ ಹಿಡಿದೆ.
ಒಂದು ಹಾಳೆ ಉಳಿದವಕ್ಕಿಂತ ದಪ್ಪ.
ನಾಲ್ಕೂ ಮೂಲೆಗೆ ಅಂಚೆ ಕಚೇರಿಯ ಗೋಂದು,
ಆಚೀಚೆ ಹರಿಯದಂತೆ ಲೆಕ್ಕದಲ್ಲಿ ಹಚ್ಚಿದ್ದು,
ಮನಿಯಾರ್ಡರ್ ಅಂಟಿಸುವವರ ಕೈ.
ತೇವಕ್ಕೆ ಅಂಟಿದ್ದಲ್ಲ.

ಪಪ್ಪಾ,
ನಲವತ್ತು ವರ್ಷ!
ಪಾದ್ರಿಗೆ ಗೊತ್ತಿರಲಿಲ್ಲ. ಅಮ್ಮನಿಗೆ?
ಆ ಭಾನುವಾರಗಳಲ್ಲಿ ಸಣ್ಣತಾಯಮ್ಮನಂಥವರು
ಒಬ್ಬರಾದರೂ ಬಾಗಿಲಲ್ಲಿ ನಿಂತು
ತಿರುಗಿ ನೋಡಿದ್ದರೇ ನಿಮ್ಮನ್ನು?

ನೀರು ಕಾಯಿಸಿದೆ. ಹಬೆಗೆ ಹಿಡಿದೆ.
ಬಹಳ ಹೊತ್ತಿಗೆ ಒಂದು ಮೂಲೆ ಬಿಟ್ಟಿತು.
ಒಳಗಿನ ಕಾಗದ ಅಂಗಡಿಯಿಂದ ಈಗ ತಂದಷ್ಟು ಬಿಳಿ.
ಮೂರು ಸ್ವರ ಕಂಡವು, ನಾಲ್ಕನೆಯದರ ಬಾಲ.
ಬಾಯಲ್ಲೇ ಮೆಲ್ಲಗೆ ಹೇಳಿಕೊಂಡೆ.
ಕಷ್ಟವೇನೂ ಅನ್ನಿಸಲಿಲ್ಲ, ಅಲ್ಲಿಯವರೆಗೆ.

ಒಲೆ ಆರಿಸಿದೆ.